ಸಂಜೆಯೆಂದು ಬರೆದ ಬೆಳಗಿನ ಎಲೆ

ಧಾರವಾಡ
೧೪ ಜೂನ್ ೧೯೬೧

ಪುಣೆಯಲ್ಲಿ ಹೊಸದಾಗಿ ವಿದ್ವಾಂಸನಾಗಿರುವ ಯಜ್ಞೇಶ್ವರನಿಗೆ, ಧಾರವಾಡದಲ್ಲಿ ಹಳೆಯ ಅಜ್ಞಾನಿಯಾಗಿಯೇ ಉಳಿದಿರುವ ಅರ್ಜುನಪ್ಪನ ನಮಸ್ಕಾರ.

ಇತ್ತ ಎಲ್ಲರೂ ಕ್ಷೇಮ. ಎಲ್ಲರೂ ಎಂದರೆ ನಿನ್ನ ಮಾವಶಿ ಕಾಶೀಬಾಯಿಯವರು, ನಿನ್ನ ಹೆಂಡತಿ ಮೃಣಾಲಿನಿ ವೈನಿ, ಆರು ಅವರೆ ಬಳ್ಳಿ ಮತ್ತು ಆರು ಜೋಳದ ಸಸಿ. ನನ್ನ ಕ್ಷೇಮವನ್ನು ನೀನು ಕೇಳಿರಲಿಲ್ಲವಾದ್ದರಿಂದ ಅದನ್ನು ಇಲ್ಲಿ ಸೇರಿಸಿಲ್ಲ.

ಮೊನ್ನೆ ಸ್ಟೇಷನ್ನಿನಲ್ಲಿ ಗಾಡಿ ಬಿಟ್ಟ ಮೇಲೆ ನೀನು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಅರ್ಜುನಾ, ಎರಡೂ ಪೆಟ್ಟಿಗಿ ಜ್ವಾಕಿ!” ಎಂದು ಕೂಗಿದೆಯಲ್ಲ, ಪ್ಲಾಟ್‌ಫಾರ್ಮಿನ ಮಂದಿಯೆಲ್ಲ ನನ್ನನ್ನು ಹಮಾಲನೆಂದು ತಿಳಿದರು. ಒಬ್ಬ ಅಜ್ಜಿ ತನ್ನ ಗಂಟು ತಂದು ನನ್ನ ಕಾಲಬುಡದಲ್ಲಿಟ್ಟಳು. ಹೊತ್ತುಕೊಟ್ಟೆ. ವಿಜ್ಞಾನವನ್ನೇ ಹೊರುವವನಿಗೆ ಅಜ್ಜಿಯ ಗಂಟೇನು ಭಾರ?

ಪೆಟ್ಟಿಗೆಗಳು ನಿನ್ನ ಹಿತ್ತಲಲ್ಲಿ, ಪೇರಲ ಗಿಡದ ಆಚೆ, ಬಿಸಿಲಿಗೆ ಕೂತಿವೆ. ಹಳೆಯ ಕಿಟಕಿಯ ಗಾಜುಗಳಿಂದ ನಾವಿಬ್ಬರೂ ಕಟ್ಟಿದ ಆ ಎರಡು ಅರಮನೆಗಳನ್ನು ಕಾಲೇಜಿನ ಮಾಳಿಗೆಯ ಮೇಲೆ ಇಡದೆ ಇಲ್ಲಿಟ್ಟದ್ದು ಛಲೋ ಆಯಿತು. ಅಲ್ಲಿ ಮಂಗಗಳು ಒಳಗೆ ಕೂತು ಬಾಗಿಲು ಹಾಕಿಕೊಳ್ಳುತ್ತಿದ್ದವು.

ಇನ್ನು ಗಾಳಿಯ ಸಮಾಚಾರ. ಹುಬ್ಬಳ್ಳಿಯ ಅಮೀನಸಾಬ, ಅವನೇ ಗೋಲಿ ಸೋಡಾದ ಕಾರಖಾನೆಯವನು, ಇಂಗಾಲಾಮ್ಲದ ಸಿಲಿಂಡರ್ ಕೊಡಲು ಒಪ್ಪಿದ. ಆದರೆ ಕೇಳಿದ, “ಎಲಿಗೆ ಸೋಡಾ ಕುಡಸ್ತೀರೇನ್ರೀ?” ಲೋಕದ ಕಾರಖಾನೆಗಳ ಹೊಗೆಯಿಂದ ಗಾಳಿಯೊಳಗೆ ಈ ಇಂಗಾಲಾಮ್ಲ ವರ್ಷ ವರ್ಷ ಏರುತ್ತಿದೆಯಂತೆ, ಹಾಗೆ ಏರಿದರೆ ಎಲೆಯ ಒಳಗೆ ಏನು ನಡೆಯುತ್ತದೆಂದು ನೋಡಬೇಕಾಗಿದೆ ಎಂದು ವಿವರಿಸಿದೆ. ಅವನು ಗಂಭೀರವಾಗಿ ಯೋಚಿಸಿ, “ಹಂಗ ಏರಿದರ ನಮಗ ಛಲೋನ ಆತಲ್ರಿ. ಸೋಡಾಕ್ಕ ಗಾಳಿ ಪುಕಟ ಸಿಗತೈತಿ” ಎಂದ.

ಸಿಲಿಂಡರಿಗೆ ಧೋತರ ಸುತ್ತಿ ಬಸ್ಸಿನಲ್ಲಿ ತಂದೆ. ಬೈರಿದೇವರಕೊಪ್ಪದ ಹತ್ತಿರ ಕಂಡಕ್ಟರ್ ಬಂದ.

“ಇದೇನ್ರಿ?”

“ಗಾಳಿ.”

“ಖಾಲಿ ಐತೇನು?”

“ಇಲ್ಲ, ತುಂಬೈತಿ.”

“ತಮ್ಮಾ, ಗಾಳಿ ತುಂಬಿದ್ದಕ್ಕನ ಖಾಲಿ ಅಂತಾರ” ಎಂದು ಹೇಳಿ ಹೋದ. ವಿದ್ಯಾವಂತರು ಎಲ್ಲ ಕಡೆಯೂ ಇದ್ದಾರೆ.

ಈಗ ದಿನಕ್ಕೆರಡು ಸಲ ಫುಟ್‌ಬಾಲಿನ ಬ್ಲ್ಯಾಡರಿನಲ್ಲಿ ಅಳೆದು ಒಂದನೇ ಪೆಟ್ಟಿಗೆಗೆ ಇಂಗಾಲಾಮ್ಲ ಬಿಡುತ್ತೇನೆ. ಎರಡನೆಯದಕ್ಕೆ ಅಷ್ಟೇ ಅಳತೆಯ ಸಾದಾ ಗಾಳಿ, ಅದೂ ಸೈಕಲ್ ಪಂಪಿನದು. ಬಾಯಿಂದ ಊದಿದರೆ ನನ್ನ ಉಸಿರಿನ ಇಂಗಾಲಾಮ್ಲ ಸೇರಿ ಲೆಕ್ಕ ಕೆಡುತ್ತದೆ.

ನೀನು ಪೇರಲ ಗಿಡದ ಕೆಳಗೆ ನಿಂತು ಹೇಳಿದ ಮಾತು ನೆನಪಿದೆ: “ಪ್ರಬಂಧದ ಮ್ಯಾಲೆ ಇಬ್ಬರದೂ ಹೆಸರು.” ಮುಂದಿನ ಜೂನಿಗೆ ಡೆಮಾನ್‌ಸ್ಟ್ರೇಟರ್ ಸಿದ್ದಪ್ಪ ಮಾಸ್ತರರು ನಿವೃತ್ತರಾಗುತ್ತಾರೆ. ಆ ಜಾಗಕ್ಕೆ ನಾನು ಅರ್ಜಿ ಹಾಕುವೆನೆಂದಾಗ ಪ್ರಿನ್ಸಿಪಾಲರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬಿ.ಎಸ್ಸಿ. ಪಾಸಾಗೀಯಪಾ, ಖರೆ. ಅಚ್ಚಾದದ್ದು ಏನರೆ ಇದ್ದರ ತೋರಸು” ಎಂದರು. ಹದಿಮೂರು ವರ್ಷ ನಿಮ್ಮೆಲ್ಲರ ಗಾಜಿನ ನಳಿಗೆ ತೊಳೆದವನು ಒಂದು ದಿನ ಅವೇ ನಳಿಗೆಗಳನ್ನು ಹಿಡಿದು ಪಾಠ ಹೇಳುವುದೆಂದರೆ ಯಜ್ಞೂ, ನಗಬೇಡ, ನನಗೆ ಅದೊಂದೇ ಬೇಕಾಗಿರುವುದು. ಅಮ್ಮಿನಬಾವಿಯಲ್ಲಿ ನನ್ನ ಅವ್ವ ಮುದಕವ್ವ ಈಗಾಗಲೇ “ನಮ್ಮ ಮಾಸ್ತರ” ಎನ್ನಲು ಶುರುಮಾಡಿದ್ದಾಳೆ.

ನಿನ್ನ ಗಾಳಿಯ ಹಮಾಲ,
ಅರ್ಜುನಪ್ಪ

*

ಧಾರವಾಡ
೨ ಜುಲೈ ೧೯೬೧

ಯಜ್ಞೂ,

ಒಂದು ಗಂಡಾಂತರ ಬಂದಿದೆ. ಗಂಡಾಂತರಕ್ಕೆ ಎಪ್ಪತ್ತೆರಡು ವರ್ಷ ವಯಸ್ಸು, ಕೈಯಲ್ಲಿ ಹಣತೆ.

ನಿನ್ನ ಅಪ್ಪಣೆ ಏನು? ಬಿಸಿಲು ಇಳಿದ ಕೂಡಲೇ, ಸಂಜೆ ಏಳಕ್ಕೆ, ಪ್ರತಿ ಗಿಡದಿಂದ ಒಂದೆಲೆ ಕಿತ್ತು, ಕುದಿಸಿ, ಸ್ಪಿರಿಟ್ಟಿನಲ್ಲಿ ಹಸಿರು ಬಿಡಿಸಿ, ಅಯೋಡಿನ್ ಹಾಕಿ ನೋಡಬೇಕು. ಪಿಷ್ಟವಿದ್ದರೆ ಕಪ್ಪು, ಇಲ್ಲದಿದ್ದರೆ ಚಹದ ಬಣ್ಣ. ಎಲೆ ಹಗಲೆಲ್ಲ ಗಾಳಿಯನ್ನು ಬಿಸಿಲಿನಲ್ಲಿ ಕಟ್ಟಿ ಸಕ್ಕರೆ ಮಾಡುತ್ತದೆ, ಖರ್ಚಾಗಿ ಉಳಿದದ್ದನ್ನು ತನ್ನ ಕೋಶಗಳೊಳಗೆ ಪಿಷ್ಟವಾಗಿ ಪೇರಿಸಿಡುತ್ತದೆ. ಸಂಜೆಗೆ ಕಣಜ ತುಂಬಿರುತ್ತದೆ. ಸರಿ. ಆದರೆ ನಿನ್ನ ಮನೆಯಲ್ಲಿ ಸಂಜೆ ದೀಪವನ್ನೂ ಹಚ್ಚುತ್ತಾರೆ.

ಮೊದಲ ದಿನವೇ ಕಾಶೀಬಾಯಿಯವರು ತುಳಸಿಕಟ್ಟೆಯ ಹತ್ತಿರದಿಂದ ಕೂಗಿದರು.

“ಏ ಅರ್ಜುನಾ! ದೀಪಾ ಹಚ್ಚಿದ ಮ್ಯಾಲೆ ಗಿಡಕ್ಕ ಕೈ ಹಚ್ಚತೀಯೇನೋ? ಅವು ಮಲಕೊಂಡಾವ.”

“ಮಾವಶಿ, ಇದು ಶಾಸ್ತ್ರಾರಿ.”

“ನಂದೂ ಶಾಸ್ತ್ರನ. ನಿಂದು ಎಷ್ಟು ವರ್ಷದ್ದು?”

“ನೂರು ವರ್ಷದ್ದು ಇರಬೇಕರಿ.”

“ಇನ್ನೂ ಕೂಸು. ಅದಕ್ಕ ಸುಮ್ಮನ ಮಲಗಂತ ಹೇಳು.”

ನಾಲ್ಕು ಗಂಟೆಗೆ ಕೀಳೋಣವೆಂದರೆ ಆಗ ನಾನು ಕಾಲೇಜಿನಲ್ಲಿ. ವೈನಿಗೆ ಹೇಳಿನೋಡಿದೆ, ಅವರು ಕಣ್ಣಲ್ಲೇ ಕೈಮುಗಿದರು. ಕಡೆಗೆ ಮಾವಶಿಯವರೇ ಒಂದು ಒಪ್ಪಂದ ತಂದರು: “ನಸುಕಿನ್ಯಾಗ ದೇವರಿಗೆ ಹೂವು ಹರೀತೇನಲ್ಲ, ಆಗ ನಿನ್ನ ಎಲೀನೂ ಹರದು ಗ್ವಾಡಿ ಮ್ಯಾಲೆ ಇಡತೇನಿ. ನೀ ಬಂದು ತಗೊಂಡು ಹೋಗು.” ಸಮಯ ಐದೂವರೆ. ಅವರ ಕೈ ಗಡಿಯಾರಕ್ಕಿಂತ ನಿಯಮದ್ದು.

ಆದರೆ ಯಜ್ಞೂ, ಇಲ್ಲಿ ತಮಾಷೆ ಬಿಟ್ಟು ಓದು. ಬೆಳಗಿನ ಎಲೆ ಸಂಜೆಯ ಎಲೆಯಲ್ಲ. ರಾತ್ರಿಯೆಲ್ಲ ಎಲೆ ತನ್ನ ಪಿಷ್ಟವನ್ನು ಮತ್ತೆ ಸಕ್ಕರೆಯಾಗಿ ಕರಗಿಸಿ ಬೇರಿಗೆ, ಕಾಂಡಕ್ಕೆ, ಕಾಯಿಗೆ ಕಳಿಸಿಬಿಡುತ್ತದೆ. ನಸುಕಿನಲ್ಲಿ ಕಣಜ ಗುಡಿಸಿಟ್ಟಂತಿರುತ್ತದೆ. ಹಾಗಾಗಿ ನಾವು ಅಳೆಯುವುದು ಎಲೆ ಎಷ್ಟು ಗಳಿಸಿತು ಎಂಬುದನ್ನಲ್ಲ, ಎಷ್ಟನ್ನು ಸಾಗಿಸಲಾಗದೆ ಉಳಿಸಿಕೊಂಡಿತು ಎಂಬುದನ್ನು. ಇದೂ ಒಳ್ಳೆಯ ಪ್ರಶ್ನೆಯೇ. ಆದರೆ ಬೇರೆ ಪ್ರಶ್ನೆ. ಪೆಟ್ಟಿಗೆಗಳನ್ನು ಮಂಗಗಳ ರಾಜ್ಯಕ್ಕೆ ಸಾಗಿಸಲೋ, ಪ್ರಶ್ನೆಯನ್ನೇ ಬದಲಿಸೋಣವೋ, ಲಗೂ ಬರೆ. ಅಲ್ಲಿಯವರೆಗೆ ಪ್ರತಿ ಹಾಳೆಯ ನೆತ್ತಿಯ ಮೇಲೆ ‘ಬೆಳಗಿನ ಐದೂವರೆ’ ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ.

ಎರಡು ಶಾಸ್ತ್ರಗಳ ನಡುವೆ ಸಿಕ್ಕವನು,
ಅರ್ಜುನಪ್ಪ

*

ಪುಣೆ
೯ ಜುಲೈ ೧೯೬೧

ಪ್ರಿಯ ಅರ್ಜುನಪ್ಪ,

ನಿನ್ನ ಪತ್ರ ಮುಟ್ಟಿತು. ಪ್ರಯೋಗಾಲಯದಿಂದ ಬಂದೊಡನೆ ಬರೆಯುತ್ತಿರುವುದರಿಂದ ಚುಟುಕಾಗಿದೆ.

ಮಾವಶಿಯ ಮನಸ್ಸು ನೋಯಿಸಬೇಡ. ತಾಯಿ ಹೋದ ಮೇಲೆ ನನ್ನನ್ನು ಬೆಳೆಸಿದವರು ಆಕೆಯ ಅಕ್ಕನಾದ ಇವರೇ. ಪೆಟ್ಟಿಗೆಗಳನ್ನೂ ಕದಲಿಸಬೇಡ. ಬೆಳಗಿನ ಎಲೆಯೇ ನಡೆಯಲಿ, ಅಡ್ಡಿಯಿಲ್ಲ. ಇಲ್ಲಿನ ಪ್ರೊಫೆಸರರಿಗೆ ನಾನು ಕೊಟ್ಟಿರುವ ಯೋಜನೆಯಲ್ಲಿ ‘ಸಂಜೆ’ ಎಂದಿದೆ. ಈಗ ಅದನ್ನು ತಿದ್ದಲು ಹೋದರೆ ಹತ್ತು ಪ್ರಶ್ನೆ ಬರುತ್ತವೆ. ತಲೆಬರಹ ನಾನು ನೋಡಿಕೊಳ್ಳುತ್ತೇನೆ.

ಹಾಳೆಗಳನ್ನು ವಾರಕ್ಕೊಮ್ಮೆ ತಪ್ಪದೆ ಕಳಿಸು. ಇಲ್ಲಿ ಎಲ್ಲರೂ ನನ್ನ ಕೆಲಸದ ಬಗ್ಗೆ ಕುತೂಹಲದಿಂದಿದ್ದಾರೆ.

ನಿನ್ನ,
ಯಜ್ಞೇಶ್ವರ

*

ಧಾರವಾಡ
೨೪ ಸೆಪ್ಟೆಂಬರ್ ೧೯೬೧

ತಲೆಬರಹಗಳ ಸರದಾರನಿಗೆ,

ಹನ್ನೊಂದನೇ ವಾರದ ಹಾಳೆ ಇದರೊಡನಿದೆ. ಹಾಳೆಗೆ ಮಾತು ಬಾರದು, ಆದ್ದರಿಂದ ನಾನು ಹೇಳುತ್ತೇನೆ.

ಸಾದಾ ಗಾಳಿಯ ಅವರೆ ಎಲೆ ನಸುಕಿನಲ್ಲಿ ಚಹದ ಬಣ್ಣ. ಹಗಲಿನ ಗಳಿಕೆಯನ್ನೆಲ್ಲ ರಾತ್ರಿ ಮನೆಮಂದಿಗೆ ಹಂಚಿ ಕೈ ಝಾಡಿಸಿಕೊಂಡು ಕೂತಿರುತ್ತದೆ. ಇಂಗಾಲಾಮ್ಲ ಕುಡಿದ ಎಲೆಯೋ, ನಸುಕಿನಲ್ಲೂ ಕಪ್ಪು! ರಾತ್ರಿಯಿಡೀ ಸಾಗಿಸಿದರೂ ಮುಗಿದಿಲ್ಲ. ಮದುವೆಯ ಪಂಕ್ತಿಯಲ್ಲಿ ಒಬ್ಬೊಬ್ಬರನ್ನು ನೋಡಿರುತ್ತೀಯಲ್ಲ, ಬಡಿಸುವವರು ಬಡಿಸುತ್ತಲೇ ಇರುತ್ತಾರೆ, ಇವರಿಗೆ ಉಣ್ಣಲಿಕ್ಕೂ ಆಗದು, ಏಳಲಿಕ್ಕೂ ಆಗದು, ಅಂಥ ಸ್ಥಿತಿ. ಎಲೆಯ ಕೆಳಮೈಯ ಸಣ್ಣ ಬಾಯಿಗಳೂ ಅರ್ಧ ಮುಚ್ಚಿವೆ. ಬೇಕಾದ ಗಾಳಿ ಬಾಯಿ ಪೂರ್ತಿ ತೆರೆಯದೆಯೇ ಸಿಗುವಾಗ ಯಾರು ತೆರೆದಾರು? ಅದರಿಂದ ನೀರೂ ಉಳಿದಿದೆ, ಆ ಪೆಟ್ಟಿಗೆಯ ಮಣ್ಣು ಎರಡು ದಿನ ಹೆಚ್ಚಿಗೆ ಹಸಿಯಾಗಿರುತ್ತದೆ.

ಇದಕ್ಕಿಂತ ಮಜಾ ಮುಂದಿದೆ. ಮೊದಲ ತಿಂಗಳು ಇಂಗಾಲಾಮ್ಲದ ಬಳ್ಳಿ ಛಲೋ ಜಿಗಿಯಿತು. ಈಗ ಎರಡೂ ಹೆಚ್ಚುಕಡಿಮೆ ಒಂದೇ ನಡಿಗೆ. ಕಣಜ ತುಂಬಿ ತುಳುಕುವಾಗ ದುಡಿಯುವ ಹುಮ್ಮಸ್ಸು ಎಲೆಗೂ ಇರುವುದಿಲ್ಲವೆಂದು ಕಾಣುತ್ತದೆ. ಗಾಳಿ ಏರಿದರೆ ಬೆಳೆ ಏರಿತೆಂದು ಕುಣಿಯುವವರಿಗೆ ಇದನ್ನು ಹೇಳಬೇಕು.

ಜೋಳದ ಸಮಾಚಾರ ಕೇಳು. ಜೋಳಕ್ಕೆ ಇಂಗಾಲಾಮ್ಲ ಹೆಚ್ಚು ಕೊಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ! ಎತ್ತರ ಅಷ್ಟೇ, ತೂಕ ಅಷ್ಟೇ, ಎಲೆಯ ಬಣ್ಣ ಅಷ್ಟೇ. ಪೆಟ್ಟಿಗೆ ಸೋರುತ್ತಿದೆಯೆಂದು ತಿಳಿದು ಸಂದುಗಳಿಗೆ ಮೇಣ ಹಾಕಿದೆ. ಸಸಿಗಳನ್ನು ಆ ಪೆಟ್ಟಿಗೆಯಿಂದ ಈ ಪೆಟ್ಟಿಗೆಗೆ ಬದಲಿಸಿದೆ. ಮತ್ತೆ ಅದೇ. ಪಕ್ಕದಲ್ಲಿ ಅವರೆ ಹೊಟ್ಟೆ ಹಿಡಿದುಕೊಂಡು ನರಳುವಾಗ ಜೋಳ ಮಾತ್ರ ನಮ್ಮೂರ ಗೌಡರಂತೆ ಕೈಕಟ್ಟಿ ನಿಂತಿದೆ. ಅದರ ಒಳಗೆ ಬೇರೆ ಏನೋ ಏರ್ಪಾಡು ಇರಬೇಕು. ಏನೆಂದು ನನಗೆ ತಿಳಿಯದು. ಆದರೆ ಇದನ್ನು ಬಿಡಬೇಡ ಯಜ್ಞೂ, ಕೈಮುಗಿದು ಹೇಳುತ್ತೇನೆ.

ನಿನ್ನ ಮಾವಶಿಯವರು ಎರಡೂ ಪೆಟ್ಟಿಗೆಗೆ ಶುಕ್ರವಾರಕ್ಕೊಮ್ಮೆ ಕುಂಕುಮ ಹಚ್ಚುತ್ತಾರೆ. ಎರಡಕ್ಕೂ ಸಮನಾಗಿ ಹಚ್ಚುವುದರಿಂದ ವಿಜ್ಞಾನಕ್ಕೆ ಬಾಧೆಯಿಲ್ಲ. ನನಗೂ ಚಹ ಸಿಗುತ್ತದೆ. ನನ್ನ ಅಲ್ಯೂಮಿನಿಯಂ ಕಪ್ಪು ಮನೆಯೊಳಗಿನ ಕಪ್ಪುಗಳೊಂದಿಗೆ ಇರುವುದಿಲ್ಲ, ಪೇರಲ ಗಿಡದ ಟೊಂಗೆಗೆ ತೂಗುತ್ತದೆ. ಅದಕ್ಕೆ ಅಲ್ಲಿ ಗಾಳಿ ಛಲೋ. ನೀನು ಇದ್ದಾಗಲೂ ಅದು ಅಲ್ಲೇ ಇತ್ತು, ನೀನು ನೋಡಿರಲಿಕ್ಕಿಲ್ಲ.

ನಿನ್ನ ಅರ್ಧ ಪ್ರಬಂಧ,
ಅರ್ಜುನಪ್ಪ

*

ಧಾರವಾಡ
೫ ಫೆಬ್ರುವರಿ ೧೯೬೨

ಪ್ರಿಯ ಯಜ್ಞೂ,

ಅಕ್ಟೋಬರಿನಿಂದ ನಿನ್ನ ಪತ್ರವಿಲ್ಲ. ಪೋಸ್ಟಿನ ಅಹಮದಸಾಬ ಈಗ ನನ್ನನ್ನು ದೂರದಿಂದ ಕಂಡರೆ ರಸ್ತೆಯ ಆಚೆ ಮಗ್ಗುಲಿಗೆ ದಾಟುತ್ತಾನೆ. ಪಾಪ, ಇಲ್ಲ ಇಲ್ಲ ಎಂದು ಎಷ್ಟು ಸಲ ಹೇಳಿಯಾನು?

ಜನವರಿಯಲ್ಲಿ ಪುಣೆಯ ಸಭೆಯಲ್ಲಿ ನೀನು ನಮ್ಮ ಪ್ರಬಂಧ ಓದಿದೆಯೆಂದು ಸಿದ್ದಪ್ಪ ಮಾಸ್ತರರು ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಮೇಜಿನ ಮೇಲಿನ ಹುರುಳಿ ಬೀಜ ಎಣಿಸುತ್ತಿದ್ದರು. ಜನ ಏನೆಂದರು? ಜೋಳದ ಬಗ್ಗೆ ಯಾರಾದರೂ ಕೇಳಿದರೇ?

ಅರ್ಜಿಯ ಕಡೆಯ ದಿನಾಂಕ ಮಾರ್ಚ್ ಮೂವತ್ತೊಂದು, ಸಂದರ್ಶನ ಏಪ್ರಿಲ್ ಹತ್ತು. ಪ್ರಬಂಧದ ಒಂದು ಪ್ರತಿ ಕಳಿಸು. ಮೇಲಿನ ಹಾಳೆಯಾದರೂ ಸಾಕು. ಹೆಸರಿರುವ ಹಾಳೆ.

ನಿನ್ನ,
ಅರ್ಜುನಪ್ಪ

*

ಧಾರವಾಡ
೧೨ ಮಾರ್ಚ್ ೧೯೬೨

ಶ್ರೀಮಾನ್ ಯಜ್ಞೇಶ್ವರರಾಯರ ದಿವ್ಯ ಸನ್ನಿಧಿಗೆ,

ನಿನ್ನೆ ಪ್ರಿನ್ಸಿಪಾಲರು ನನ್ನನ್ನು ಕರೆದು ಕುರ್ಚಿ ಕೊಟ್ಟರು. ಹದಿಮೂರು ವರ್ಷದಲ್ಲಿ ಮೊದಲ ಸಲ. ಕುರ್ಚಿ ಕಂಡಾಗಲೇ ನನಗೆ ಭಯವಾಗಬೇಕಿತ್ತು. ನಾನು ಮೂರ್ಖ, ಸಂತೋಷಪಟ್ಟೆ.

ಅವರು ನೀನು ಬರೆದ ಪತ್ರವನ್ನು ಓದಿ ಹೇಳಿದರು. ಎಂಥ ಒಳ್ಳೆಯ ಭಾಷೆ! ‘ನನ್ನ ಗೈರುಹಾಜರಿಯಲ್ಲಿ ಪ್ರಯೋಗಾಲಯದ ಸಹಾಯಕನು ಸೂಚನೆಯಂತೆ ಸಂಜೆಯ ಎಲೆ ಕೀಳದೆ, ತನಗೆ ಅನುಕೂಲವಾದ ಹೊತ್ತಿನಲ್ಲಿ ಕಿತ್ತು, ಸಂಜೆಯ ಅಂಕಿಗಳೆಂದು ನನ್ನನ್ನು ನಂಬಿಸಿದ್ದಾನೆ. ಜೋಳದ ಅಂಕಿಗಳಂತೂ ಕಲ್ಪಿತವೆಂದೇ ತೋರುತ್ತದೆ.’ ನನ್ನ ಹೆಸರನ್ನೂ ಹಾಕಿಲ್ಲ. ಪ್ರಬಂಧದಲ್ಲಿ ಹಾಕುವೆನೆಂದ ಹೆಸರನ್ನು ದೂರಿನಲ್ಲೂ ಹಾಕಲಿಲ್ಲ. ಇಷ್ಟು ಸಂಕೋಚವೇ?

ಸಭೆಯಲ್ಲಿ ನಡೆದದ್ದನ್ನು ಸಿದ್ದಪ್ಪ ಮಾಸ್ತರರು ಕಡೆಗೂ ಬಾಯಿಬಿಟ್ಟು ಹೇಳಿದರು. ಹಿಂದಿನ ಸಾಲಿನಿಂದ ಯಾರೋ ಎದ್ದು, ದಿನವಿಡೀ ಬಿಸಿಲಲ್ಲಿದ್ದ ಸಾದಾ ಎಲೆಯಲ್ಲಿ ಸಂಜೆಗೆ ಒಂದು ಚೂರೂ ಪಿಷ್ಟವಿಲ್ಲವೆಂದರೆ ನಿಮ್ಮ ಧಾರವಾಡದಲ್ಲಿ ಸೂರ್ಯ ಹುಟ್ಟುವುದಿಲ್ಲವೇ ಎಂದರಂತೆ. ಸಭೆ ಕೈತಟ್ಟಿ ನಕ್ಕಿತಂತೆ. ಯಜ್ಞೂ, ಆ ನಗು ನನಗೂ ಕೇಳಿಸಿತು. ನಾನು ಅಲ್ಲಿದ್ದರೆ ಎದ್ದು, “ಸೂರ್ಯಾ ಹುಟ್ಟತಾನ್ರಿ. ಇದು ಅಂವ ಹುಟ್ಟೂಕಿಂತ ಮೊದಲಿನ ಎಲಿ” ಎನ್ನುತ್ತಿದ್ದೆ. ಒಂದೇ ಮಾತಿಗೆ ಸಭೆ ಸುಮ್ಮನಾಗುತ್ತಿತ್ತು. ನೀನೂ ಅನ್ನಬಹುದಿತ್ತು. ಆದರೆ ಹಾಗೆನ್ನಲು ತಲೆಬರಹವನ್ನು ತಿದ್ದಿದ್ದು ನೀನೆಂದು ಹೇಳಬೇಕಾಗುತ್ತಿತ್ತು.

ನಾನು ಕಚ್ಚಾ ವಹಿ ತೋರಿಸಿದೆ. ಪ್ರತಿ ಪುಟದ ನೆತ್ತಿಯಲ್ಲಿ ‘ಬೆಳಗಿನ ಐದೂವರೆ’. “ನಿನ್ನ ವಹಿ, ನಿನ್ನ ಕೈಬರಹ. ನಿನ್ನೆ ಕೂತು ಬರದಿದ್ದರ ನಮಗೇನು ಗೊತ್ತು?” ಎಂದರು. ಆಗ ಅಂಗಿಯ ಕಿಸೆಯಿಂದ ನಿನ್ನ ಜುಲೈ ಒಂಬತ್ತರ ಪತ್ರ ತೆಗೆದೆ. ‘ಬೆಳಗಿನ ಎಲೆಯೇ ನಡೆಯಲಿ. ತಲೆಬರಹ ನಾನು ನೋಡಿಕೊಳ್ಳುತ್ತೇನೆ.’ ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮಡಿಕೆ ಕೆಡದ ಹಾಗೆ ಮಡಿಸಿದರು. ನನ್ನ ಕೈಗೇ ಕೊಟ್ಟರು.

“ಇದು ಖಾಸಗಿ ಪತ್ರ, ಅರ್ಜುನಪ್ಪ. ಕಚೇರಿಗೆ ಬಂದದ್ದು ಅದು” ಎಂದು ನಿನ್ನ ದೂರನ್ನು ತೋರಿಸಿದರು. “ಕಚೇರಿಗೆ ಬರದೇ ಇದ್ದದ್ದನ್ನ ಕಚೇರಿ ಹ್ಯಾಂಗ ಓದಬೇಕು?”

ಕಚೇರಿಗೆ ಖಾಸಗಿ ಅಕ್ಷರ ಬಾರದೆಂದು ಈ ವಯಸ್ಸಿನಲ್ಲಿ ತಿಳಿಯಿತು.

ಆದ್ದರಿಂದ ಕಚೇರಿಗೆ ಬರುವಂತೆ ಬರೆ. ದೊಡ್ಡದೇನೂ ಬೇಡ. ‘ಬೆಳಗಿನ ಎಲೆಯೆಂದು ನನಗೆ ಗೊತ್ತಿತ್ತು.’ ನಾಲ್ಕು ಶಬ್ದ. ಕೆಳಗೆ ನಿನ್ನ ಸಹಿ. ಏಪ್ರಿಲ್ ಹತ್ತರೊಳಗೆ ಮುಟ್ಟಿದರೆ ಆಯಿತು. ಇಂಟರ್ ತರಗತಿಯ ಬೆಂಚಿನಲ್ಲಿ ಮೂರು ಮಂದಿಯ ಜಾಗ ಬಿಟ್ಟು ನಾನು ಆ ತುದಿಗೆ ಕೂತಾಗ, “ಸರಕೊಂಡು ಬಾರೋ, ನಡುವ ಏನು ಗಣಪತಿ ಕೂಡಸೂದೈತೇನು?” ಎಂದು ಕರೆದವನು ನೀನು. ಆ ಹುಡುಗನಿಗೆ ಈ ಪತ್ರ ಬರೆದಿದ್ದೇನೆ. ಅವನು ಅಲ್ಲಿ ಯಾರಿಗಾದರೂ ಗೊತ್ತಿದ್ದರೆ ಮುಟ್ಟಿಸು.

ಅರ್ಜುನಪ್ಪ

*

ಧಾರವಾಡ
೨೮ ಮಾರ್ಚ್ ೧೯೬೨

ಅರ್ಜುನಪ್ಪನವರಿಗೆ, ಮೃಣಾಲಿನಿಯ ನಮಸ್ಕಾರಗಳು.

ನೀವು ಹದಿನೈದು ದಿನದಿಂದ ಹಿತ್ತಲಿಗೆ ಬಂದಿಲ್ಲ. ಮಾವಶಿಯವರು ದಿನಾ ಎಲೆ ಹರಿದು ಗೋಡೆಯ ಮೇಲೆ ಇಡುತ್ತಲೇ ಇದ್ದಾರೆ. ಮಧ್ಯಾಹ್ನಕ್ಕೆ ಅವು ಬಾಡಿ ಸುರುಳಿಯಾಗುತ್ತವೆ.

ನಿನ್ನೆ ತಡೆಯಲಾರದೆ ಅವರಿಗೆ ಎಲ್ಲ ಹೇಳಿದೆ. ಅವರು ಬತ್ತಿ ಹೊಸೆಯುತ್ತಿದ್ದರು. ಕೈ ನಿಂತಿತು. “ಹರದಾಕಿ ನಾನು. ಅಂವ ಯಾಕ ಕಳ್ಳ ಆಗಬೇಕು?” ಎಂದರು. “ಬರಿ, ಮೃಣಾಲಿನಿ. ನಾ ಹೇಳತೇನಿ, ನೀ ಬರಿ. ನಾ ಹೆಬ್ಬಟ್ಟು ಒತ್ತತೇನಿ.”

ನಾನು ಕಾಗದ ತಂದೆ. ಪೆನ್ನು ತಂದೆ. ಅವರು ಹೇಳುತ್ತ ಹೋದರು. ನಾನು ಬರೆಯಲಿಲ್ಲ.

ಮನೆಯ ಮಾತು ಮನೆಯ ಹೊರಗೆ ಹೋಗಕೂಡದೆಂದು ನಮ್ಮ ಮನೆಯವರು ಪುಣೆಯಿಂದ ಬರೆದಿದ್ದಾರೆ. ಫೆಲೋಶಿಪ್ಪು ಇನ್ನೊಂದು ವರ್ಷ ಮುಂದುವರಿಯಬೇಕಂತೆ. ಮಾವಶಿಯವರು ಮುಗಿಸಿ, “ಆತೇನು? ಎಲ್ಲಿ ಒತ್ತಲಿ?” ಎಂದು ಹೆಬ್ಬೆರಳು ಮುಂದೆ ಮಾಡಿದರು. ಬಿಳಿ ಕಾಗದದ ಮೇಲೆ ಒತ್ತಿಸಿಕೊಂಡೆ.

ಆ ಕಾಗದ ನನ್ನ ಹತ್ತಿರವಿದೆ. ನಿಮಗೆ ಕಳಿಸುವ ಧೈರ್ಯವಿಲ್ಲ. ಹರಿಯುವ ಧೈರ್ಯವೂ ಇಲ್ಲ.

ಮೃಣಾಲಿನಿ

*

ಧಾರವಾಡ
೧೦ ಜೂನ್ ೧೯೬೨

ಯಜ್ಞೇಶ್ವರನಿಗೆ,

ನಾಲ್ಕು ಶಬ್ದ ಬರಲಿಲ್ಲ. ಅಂಚೆಯಲ್ಲಿ ಕಳೆದಿರಬಹುದೆಂದು ಮೇ ತಿಂಗಳಿಡೀ ಅಹಮದಸಾಬನನ್ನು ಪೀಡಿಸಿದೆ. “ಸಾಹೇಬ್ರ, ನಾ ಇಪ್ಪತ್ತು ವರ್ಷದಾಗ ಒಂದು ಕಾಗದ ಕಳದಿಲ್ಲ. ಬರೀದೇ ಇದ್ದದ್ದನ್ನ ಹ್ಯಾಂಗ ತರಲಿ?” ಎಂದ.

ಡೆಮಾನ್‌ಸ್ಟ್ರೇಟರ್ ಜಾಗಕ್ಕೆ ಬೇರೊಬ್ಬರು ಬಂದಿದ್ದಾರೆ. ಒಳ್ಳೆಯ ಹುಡುಗ. ಮೊದಲ ದಿನವೇ ನನಗೆ, “ಈ ನಳಿಗಿ ಸ್ವಚ್ಛ ಇಲ್ಲಲ್ಲ” ಎಂದ. ತೊಳೆದುಕೊಟ್ಟು, ಕೀಲಿಕೈಗಳನ್ನು ಮೇಜಿನ ಮೇಲಿಟ್ಟು, ರಾಜೀನಾಮೆ ಬರೆದೆ. ಅದನ್ನು ಮಾತ್ರ ಕಚೇರಿ ಥಟ್ಟನೆ ಓದಿತು.

ಹುಬ್ಬಳ್ಳಿಯ ಕಡೆ, ಬೈರಿದೇವರಕೊಪ್ಪದಲ್ಲಿ ಹೊಸದಾಗಿ ತೆರೆದಿರುವ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಲು ಕರೆದಿದ್ದಾರೆ. ಅಲ್ಲಿ ಒಂದೇ ಒಂದು ನಳಿಗೆಯಿದೆ, ಅದೂ ಸೀಳಿದೆ. ಆದರೂ ಅವ್ವ ಸರಿಯಾಗಿಯೇ ಹೇಳಿದ್ದಳು. ಮಾಸ್ತರನಾದೆ. ನಿನ್ನ ಸಹಾಯವಿಲ್ಲದೆ ಎಂಬುದಷ್ಟೇ ಆಕೆಗೆ ತಿಳಿಯದು. ತಿಳಿಸಿಲ್ಲ. ಆಕೆ ಇನ್ನೂ ಹಬ್ಬಕ್ಕೆ ಮಗನ ಗೆಳೆಯನಿಗೆಂದು ನಿನ್ನ ಹೆಸರಿನಲ್ಲಿ ಶೇಂಗಾ ಹೋಳಿಗೆ ತೆಗೆದಿಡುತ್ತಾಳೆ. ನಾನೇ ತಿನ್ನುತ್ತೇನೆ. ರುಚಿಯಾಗಿರುತ್ತವೆ, ಅದು ಇನ್ನೂ ಕಷ್ಟ.

ಅರ್ಜುನಪ್ಪ

*

ಪುಣೆ
೧೧ ಆಗಸ್ಟ್ ೧೯೬೭

ಪ್ರಿಯ ಅರ್ಜುನಪ್ಪ,

ಐದು ವರ್ಷದ ಮೇಲೆ ಬರೆಯುತ್ತಿದ್ದೇನೆ. ನೀನು ಆರೋಗ್ಯವಾಗಿರುವೆಯೆಂದು ನಂಬಿದ್ದೇನೆ. ನಾನು ಈಗ ಇಲ್ಲಿಯೇ ರೀಡರ್ ಆಗಿದ್ದೇನೆ. ಹಳೆಯದನ್ನೆಲ್ಲ ನೀನು ಮನಸ್ಸಿನಲ್ಲಿ ಇಟ್ಟುಕೊಂಡಿರಲಾರೆ ಎಂದುಕೊಳ್ಳುತ್ತೇನೆ. ಆಗಿನ ಪರಿಸ್ಥಿತಿಗಳು ಹಾಗಿದ್ದವು.

ಒಂದು ಮುಖ್ಯ ವಿಷಯ. ಹೊರದೇಶದ ಇತ್ತೀಚಿನ ಪತ್ರಿಕೆಗಳಲ್ಲಿ ಕಬ್ಬಿನ ಎಲೆ ಇಂಗಾಲಾಮ್ಲವನ್ನು ಉಳಿದ ಗಿಡಗಳಂತಲ್ಲದೆ ಬೇರೊಂದು ದಾರಿಯಲ್ಲಿ ಹಿಡಿದಿಡುತ್ತದೆಂದು ಬಂದಿದೆ. ಅಂಥ ಎಲೆಗೆ ಸಾದಾ ಗಾಳಿಯಲ್ಲೇ ಸಾಕಷ್ಟು ಸಿಗುವುದರಿಂದ ಹೆಚ್ಚಿಗೆ ಕೊಟ್ಟರೆ ವಿಶೇಷ ಪರಿಣಾಮವಾಗದೆಂದು ನನ್ನ ಊಹೆ. ಜೋಳವೂ ಅದೇ ಗುಂಪಿನದಿರಬೇಕು. ನಿನ್ನ ೬೧ರ ಜೋಳದ ಅಂಕಿಗಳು ಈಗ ಬಹಳ ಬೆಲೆಯುಳ್ಳವು. ನನ್ನ ಬಳಿಯಿದ್ದ ಹಾಳೆಗಳು ಸಿಗುತ್ತಿಲ್ಲ. ಕಚ್ಚಾ ವಹಿ ನಿನ್ನಲ್ಲಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸು. ಈ ಸಲ ಖಂಡಿತ ಇಬ್ಬರ ಹೆಸರೂ ಹಾಕುತ್ತೇನೆ.

ನಿನ್ನ,
ಯಜ್ಞೇಶ್ವರ

*

ಬೈರಿದೇವರಕೊಪ್ಪ
೨೭ ಆಗಸ್ಟ್ ೧೯೬೭

ರೀಡರ್ ಯಜ್ಞೇಶ್ವರರಾಯರಿಗೆ, ಹೈಸ್ಕೂಲು ಮಾಸ್ತರ ಅರ್ಜುನಪ್ಪನ ನಮಸ್ಕಾರ.

ನಿನ್ನ ಪತ್ರ ತಂದವನು ಬೇರೆ ಪೋಸ್ಟ್‌ಮನ್, ಅಹಮದಸಾಬನಲ್ಲ. ಅವನಾಗಿದ್ದರೆ ಈ ದಿನ ರಸ್ತೆಯ ಮಧ್ಯದಲ್ಲೇ ನಡೆದು ಬರುತ್ತಿದ್ದ.

ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಜೋಳಕ್ಕಾಗಿ. ಕಲ್ಪಿತವೆನಿಸಿಕೊಂಡ ನನ್ನ ಜೋಳ ಕಲ್ಪಿತವಲ್ಲವೆಂದು ಸಾತ್ ಸಮುದ್ರದಾಚೆಯ ಕಬ್ಬು ಸಾಕ್ಷಿ ಹೇಳುತ್ತಿದೆಯಲ್ಲ! ಶಾಲೆಯ ಅಂಗಳದಲ್ಲಿ ನಿಂತು ಒಬ್ಬನೇ ನಕ್ಕೆ. ಎಂಟನೇ ಇಯತ್ತೆಯ ಹುಡುಗಿಯರು ಮಾಸ್ತರರಿಗೆ ಏನಾಯಿತೆಂದು ಕಿಟಕಿಯಿಂದ ನೋಡಿದರು. ಉಳಿದೆರಡು ಸಲ ಓದಿದ್ದು ಆ ನಾಲ್ಕು ಶಬ್ದಗಳಿಗಾಗಿ. ಬೇರೆ ಶಬ್ದಗಳು ಬೇಕಾದಷ್ಟಿವೆ. ‘ಪರಿಸ್ಥಿತಿ’ ಎಂಬುದೂ ಇದೆ. ಅವು ನಾಲ್ಕು ಇಲ್ಲ.

ಈಗ ಒಂದು ವರ್ತಮಾನ ಕೊಡಬೇಕು. ಕುಳಿತು ಓದು.

ಹೋದ ಕಾರ್ತಿಕದಲ್ಲಿ ನಮ್ಮ ಮನೆಯ ಮುಂದೆ ಟಾಂಗಾ ನಿಂತಿತು. ಇಳಿದವರು ನಿನ್ನ ಮಾವಶಿ. ಹಿಂದೆ ವೈನಿ. ಕಾಶೀಬಾಯಿಯವರು ಹೊಸ್ತಿಲ ಹೊರಗೆ ನಿಂತು ಕೈಚೀಲದಿಂದ ಒಂದು ಅಲ್ಯೂಮಿನಿಯಂ ಕಪ್ಪು ತೆಗೆದರು. ತಿಕ್ಕಿ ತಿಕ್ಕಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

“ತಗೋ, ನಿಂದು. ಗಿಡಕ್ಕ ತೂಗಿ ತೂಗಿ ಅದನ್ನ ನೋಡೂದು ನನಗ ಸಾಕಾಗೇದ.”

“ಒಳಗ ಬರ್ರಿ, ಮಾವಶಿ.”

ಬಂದರು. ನನ್ನ ಅವ್ವ ಮೂಲೆಗೆ ಸರಿದು ನಿಂತಳು. ಮಾವಶಿಯವರು ಚಾಪೆಯ ಮೇಲೆ ಕೂತು, ಸುತ್ತ ನೋಡಿ, ಅವ್ವನಿಗೆ ಹೇಳಿದರು, “ಮುದಕವ್ವಾ, ಬಾಯಾರೇದ. ನೀರು ಕೊಡು.” ಅವ್ವ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಕೊಟ್ಟಳು. ಕುಡಿದರು. ಇದಕ್ಕೆ ಅವರಿಗೆ ಎಪ್ಪತ್ತೇಳು ವರ್ಷ ಬೇಕಾಯಿತೆಂದು ನೀನು ನಗಬಹುದು. ನಗಬೇಡ. ನಿನಗೆ ನಾಲ್ಕು ಶಬ್ದಕ್ಕೆ ಎಷ್ಟು ಬೇಕೋ ಇನ್ನೂ ಗೊತ್ತಿಲ್ಲ.

ವೈನಿ ಹೊರಡುವಾಗ ನನ್ನ ಮೇಜಿನ ಮೇಲೊಂದು ಕಾಗದವಿಟ್ಟರು. ಕೆಳಗೆ ಹಳೆಯ ನೀಲಿ ಹೆಬ್ಬೆಟ್ಟು. ಮೇಲೆ, ಹೊಸ ಮಸಿಯಲ್ಲಿ, ವೈನಿಯ ದುಂಡು ಅಕ್ಷರ: ‘೧೯೬೧ರ ಜುಲೈಯಿಂದ ಅವರೆ ಮತ್ತು ಜೋಳದ ಎಲೆಗಳನ್ನು ದಿನಾಲೂ ಬೆಳಗಿನ ಐದೂವರೆಗೆ ಹರಿದವಳು ನಾನು.’ ಹೆಬ್ಬೆಟ್ಟು ಐದು ವರ್ಷ ಖಾಲಿ ಕಾಗದದ ಮೇಲೆ ಕೂತು ಶಬ್ದಗಳ ದಾರಿ ಕಾಯ್ದಿತ್ತು. ಕಚೇರಿಗೆ ಈಗ ಅದರಿಂದ ಉಪಯೋಗವಿಲ್ಲ. ನನಗೆ ಇತ್ತು.

ಆ ವಾರವೇ ಕಚ್ಚಾ ವಹಿ ಮುಂದಿಟ್ಟುಕೊಂಡು ಕೂತೆ. ಹಳ್ಳಿಯ ಮಕ್ಕಳಿಗೂ ತಿಳಿಯುವ ಕನ್ನಡದಲ್ಲಿ ಬರೆದೆ. ಏರಿದ ಗಾಳಿಗೆ ಅವರೆಯ ಎಲೆ ಹೇಗೆ ಮೊದಲು ಉಬ್ಬಿ ಆಮೇಲೆ ಸೋಮಾರಿಯಾಗುತ್ತದೆ, ಸಾದಾ ಎಲೆ ಹೇಗೆ ಇರುಳೆಲ್ಲ ಹಂಚಿ ನಸುಕಿಗೆ ಬರಿಗೈಯಾಗುತ್ತದೆ, ಜೋಳ ಹೇಗೆ ಕೈಕಟ್ಟಿ ನಿಲ್ಲುತ್ತದೆ, ಎಲ್ಲ. ಜೋಳದ ಕಾರಣ ನನಗೆ ಗೊತ್ತಿಲ್ಲವೆಂದೂ ಬರೆದೆ. ಕನ್ನಡದ ಒಂದು ವಿಜ್ಞಾನ ಮಾಸಿಕ ಈ ಜೂನಿನಲ್ಲಿ ಅಚ್ಚು ಹಾಕಿತು. ಲೇಖಕರು ಇಬ್ಬರು: ಅರ್ಜುನಪ್ಪ, ಕಾಶೀಬಾಯಿ. ಸಂಪಾದಕರು ಎರಡನೆಯವರ ವಿದ್ಯಾರ್ಹತೆ ಕೇಳಿ ಬರೆದಿದ್ದರು. ‘ಐದೂವರೆಗೆ ಏಳುತ್ತಾರೆ’ ಎಂದು ಉತ್ತರಿಸಿದೆ. ಒಪ್ಪಿದರು.

ಕಡೆಯಲ್ಲಿ ಕೃತಜ್ಞತೆಯ ಸಾಲೊಂದಿದೆ, ಅದು ಸೋಡಾ ಅಮೀನಸಾಬನಿಗೆ. ಅವನು ಆ ಪುಟಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದಾನೆ, ಬಂದವರಿಗೆಲ್ಲ, “ನಮ್ಮ ಗ್ಯಾಸ್ ಕುಡದ ಎಲಿ ಪೇಪರಿನ್ಯಾಗ ಬಂದೈತಿ ನೋಡ್ರಿ” ಎನ್ನುತ್ತಾನೆ. ನಿನ್ನ ಹೆಸರನ್ನೂ ಆ ಸಾಲಿನಲ್ಲಿ ಬರೆದಿದ್ದೆ ಯಜ್ಞೂ. ಪ್ರಶ್ನೆ ನಿನ್ನದಾಗಿತ್ತಲ್ಲ. ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಶುದ್ಧಪ್ರತಿ ಮಾಡುವಾಗ ಪೆನ್ನು ಆ ಜಾಗಕ್ಕೆ ಬಂದು ನಿಂತಿತು. ಕಡೆಗೆ ಅಮೀನಸಾಬನ ಹೆಸರಿನ ಮುಂದೆ ಪೂರ್ಣವಿರಾಮ ಹಾಕಿದೆ.

ವಹಿ ಕಳಿಸುವುದಿಲ್ಲ. ಅಚ್ಚಾದ ಪ್ರತಿಯೊಂದನ್ನು ಇದರೊಡನೆ ಇಟ್ಟಿದ್ದೇನೆ. ಅಂಕಿಗಳೆಲ್ಲ ಅದರಲ್ಲಿವೆ, ಬೇಕಾದಷ್ಟು ತೆಗೆದುಕೋ, ಜೋಳ ನನ್ನೊಬ್ಬನ ಆಸ್ತಿಯಲ್ಲ. ಎಲ್ಲಿಂದ ತೆಗೆದುಕೊಂಡೆ ಎಂದು ಬರೆಯುವಾಗ ಎರಡು ಹೆಸರು ಹಾಕಬೇಕಾಗುತ್ತದೆ, ಅದರಲ್ಲೊಂದು ನಿನ್ನನ್ನು ಬೆಳೆಸಿದವರದು.

ತಲೆಬರಹದ ತೊಂದರೆಯನ್ನು ಮಾತ್ರ ನೀನು ತೆಗೆದುಕೊಳ್ಳಬೇಡ. ಈ ಸಲ ಅದನ್ನು ನಾನೇ ನೋಡಿಕೊಂಡಿದ್ದೇನೆ. ಮೊದಲ ಪುಟದ ನೆತ್ತಿಯ ಮೇಲಿದೆ, ದಪ್ಪ ಅಕ್ಷರದಲ್ಲಿ:

ಬೆಳಗಿನ ಐದೂವರೆ.

ಅರ್ಜುನಪ್ಪ